ಓಡಿದರೂ ಮುಚ್ಚಿದ್ದ ಬಾಗಿಲು

ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವು ಬುತ್ತಿ ಕಟ್ಟಿಕೊಂಡು ಹೊರಟೇಬಿಡುತ್ತೀರಿ, ಅಲ್ಲಿಗೆ ಹೋದವರು ಹೋದ ಹಾಗೇ ವಾಪಸು ಬಂದದ್ದು ಕಡಿಮೆ. ಬೇರೆ ಊರಿನವರು ಹಪ್ಪಳ ಒತ್ತುವಷ್ಟು ಸಲೀಸಾಗಿ ಆ ಊರಿನವರು ಆಟ ಕಟ್ಟುತ್ತಿದ್ದರು. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡ ಪೆಟ್ಟಿಗೆ, ಅದರ ಮುಖಕ್ಕೆ ಬೆಳಗುವ ಪರದೆ, ಪರದೆಯ ಕೆಳಗೆ ಗುಂಡಿಗಳು. ಗುಂಡಿ ಒತ್ತಿದರೆ ಪರದೆಯೊಳಗಿನ ಗೊಂಬೆ ನಡೆಯುತ್ತದೆ, ಜಿಗಿಯುತ್ತದೆ, ಸಾಯುತ್ತದೆ, ಮತ್ತೆ ಏಳುತ್ತದೆ. ಕೆಲವು ಆಟಗಳಂತೂ ಮುಗಿಯುವುದೇ ಇಲ್ಲ. ಒಬ್ಬ ಅಳಿಯ ಮದುವೆಯ ಮಾರನೇ ದಿನ ಮಾವ ಕಟ್ಟಿದ ಆಟಕ್ಕೆ ಕೂತವನು ತಲೆ ಎತ್ತಿದಾಗ ಮನೆಯಲ್ಲಿ ಮೂರನೇ ಮಗುವಿನ ನಾಮಕರಣ ನಡೆಯುತ್ತಿತ್ತು. ಹೇಗೆ ಅಂತ ಅವನೂ ಕೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ.

ಊರ ನಡುವೆ ಒಂದು ಕಲ್ಲು, ಕಲ್ಲಿನ ಮೇಲೊಂದು ತಕ್ಕಡಿ. ಹೊಸ ಆಟ ಯಾವುದೇ ಇರಲಿ, ಮೂರನೇ ಯುಗಾದಿಯೊಳಗೆ ಆ ಕಲ್ಲಿನ ಮೇಲೆ ತೂಗಿಸಿಕೊಳ್ಳಬೇಕು. ಇಲ್ಲದಿದ್ದರೆ ಪರದೆ ಮಂಕಾಗುತ್ತಾ ಬಂದು ಆರಿಹೋಗುತ್ತದೆ. ತೂಗುವುದೆಂದರೆ ಹೀಗೆ: ಆಟದ ಗುಣ ಒಂದು ಹೇಳಿದರೆ ಎಡತಟ್ಟೆಗೆ ಒಂದು ಬಿಳಿ ಹರಳು, ದೋಷ ಒಂದು ಹೇಳಿದರೆ ಬಲತಟ್ಟೆಗೆ ಒಂದು ಕರಿ ಹರಳು. ಗುಣ ಮೊದಲು, ದೋಷ ಆಮೇಲೆ. ಬರೀ ಹೊಗಳುವವನು ಸುಳ್ಳ, ಬರೀ ತೆಗಳುವವನು ಹಗೆ ಅಂತ ಹಿಂದಿನವರು ತೀರ್ಮಾನಿಸಿದ್ದರು. ಆದ್ದರಿಂದ ಕಲ್ಲಿನ ಮೇಲಿಂದ ಬಿಸಿಲು ಇಳಿಯುವುದರೊಳಗೆ ಎರಡು ತಟ್ಟೆಯೂ ಸಮ ನಿಲ್ಲಬೇಕು. ನಿಲ್ಲದಿದ್ದರೆ ತೂಗಿಸಿಕೊಳ್ಳಲು ಬಂದದ್ದು ಅಲ್ಲೇ ಆರಿತು ಅಂತ ಲೆಕ್ಕ. ಸುಳ್ಳು ಹೇಳಿ ಹಾಕಿದ ಹರಳು ತಟ್ಟೆಯಲ್ಲಿ ಕೂರುವುದಿಲ್ಲ, ಕಪ್ಪೆಯ ಹಾಗೆ ಹಾರಿ ಆಚೆ ಬೀಳುತ್ತದೆ. ಇನ್ನೊಂದು ವಿಷಯ, ಇದೇ ಮುಖ್ಯ. ಕರಿ ಹರಳು ತಟ್ಟೆಯಲ್ಲಿ ಕೂತಿತೋ, ಹೇಳಿದ ಆ ದೋಷ ಆಟದಿಂದ ತಾನಾಗಿ ಉದುರಿಹೋಗುತ್ತದೆ. ಸೊಟ್ಟ ಇದ್ದದ್ದು ನೆಟ್ಟಗಾಗುತ್ತದೆ, ಕುಂಟು ನಿಲ್ಲುತ್ತದೆ. ಕೂತ ಹರಳನ್ನು ತೆಗೆಯುವ ಹಾಗಿಲ್ಲ, ಒಮ್ಮೆ ತೂಗಿದ್ದನ್ನು ಮತ್ತೆ ತೂಗುವ ಹಾಗಿಲ್ಲ.

ತೂಗುವವನು ಊರಿಗೆಲ್ಲ ದೊಡ್ಡಪ್ಪ. ಅವನ ಹುರಿಮೀಸೆಯ ತುದಿಗೆ ಎರಡು ನಿಂಬೆಹಣ್ಣು ನಿಲ್ಲುತ್ತಿದ್ದವು, ಮೂರನೆಯದಕ್ಕೆ ಜಾಗ ಇತ್ತು. ಹಿಂದೆ ಚಂದ್ರ ಮೂವತ್ತು ದಿನವೂ ತುಂಬಿಕೊಂಡೇ ಇರುತ್ತಿದ್ದನಂತೆ. ಇವನು ಒಂದು ಸಂಜೆ ಅಂಗಳದಲ್ಲಿ ಎಲೆ ಅಡಿಕೆ ಜಗಿಯುತ್ತಾ, "ಸ್ವಲ್ಪ ದಪ್ಪ ಆಯ್ತು ಕಣಪ್ಪ" ಅಂದನಂತೆ. ಅವತ್ತಿನಿಂದ ಚಂದ್ರ ಹದಿನೈದು ದಿನ ಪಥ್ಯ, ಹದಿನೈದು ದಿನ ಊಟ. ಇದನ್ನು ಅವನೇ ಹೇಳುತ್ತಿದ್ದ. ಊರಿನವರು ನಗುತ್ತಿದ್ದರು, ಆದರೂ ಹುಣ್ಣಿಮೆ ಕಳೆದ ಮೇಲೆ ಒಮ್ಮೆ ಮೇಲೆ ನೋಡಿ, ಒಮ್ಮೆ ಇವನ ಕಡೆ ನೋಡುತ್ತಿದ್ದರು. ಇವನ ಕೈಯಲ್ಲಿ ಒಂದು ಆಟವೂ ಆರಿರಲಿಲ್ಲ. ಇದು ಬಡಾಯಿಯಲ್ಲ, ನಿಜ. ಬಡಾಯಿಗಿಂತ ಈ ನಿಜವೇ ಅವನಿಗೆ ಹೆಚ್ಚು ಪ್ರೀತಿ.

ಒಂದು ಬೆಳಿಗ್ಗೆ ಅವನು ಮೀಸೆಗೆ ಎಣ್ಣೆ ಹಚ್ಚುತ್ತಿರುವಾಗ ಒಬ್ಬಳು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪೆಟ್ಟಿಗೆ. ಪರದೆ ಆಗಲೇ ಹೊಗೆ ಕುಡಿದ ಲಾಂದ್ರದ ಗಾಜಿನಷ್ಟು ಮಂಕು.

"ಇಷ್ಟು ತಡವಾಗಿ ತಂದಿದ್ದೀಯಲ್ಲ ತಾಯಿ! ನಾಡಿದ್ದು ಯುಗಾದಿ."

"ತರಬಾರದು ಅಂತಲೇ ಇದ್ದೆ ದೊಡ್ಡಪ್ಪಾ. ಆರಿಹೋಗುತ್ತಲ್ಲ, ಅದಕ್ಕೆ ತಂದೆ."

"ಎಷ್ಟು ದೊಡ್ಡದು ಆಟ? ಊಟ ಕಟ್ಟಿಕೊಂಡು ಕೂರಬೇಕಾ?"

"ಒಲೆ ಮೇಲೆ ಅಕ್ಕಿ ಇಟ್ಟು ಕೂತ್ಕೊಳ್ಳಿ. ಅನ್ನ ಆಗೋದ್ರೊಳಗೆ ಮುಗಿಯುತ್ತೆ."

ತೂಗುವವನು ನಕ್ಕ. ಅಂಥ ಪುಟ್ಟ ಆಟಗಳನ್ನು ಅವನು ಮೂಗಿನ ತುದಿಯಿಂದಲೇ ಆಡಿ ಮುಗಿಸಿದವನು. ಅಕ್ಕಿ ಇಟ್ಟು, ಚಕ್ಕಂಬಕ್ಕಳ ಹಾಕಿ ಕೂತ.

ಪರದೆಯಲ್ಲಿ ಒಂದು ಬೀದಿ. ಹನ್ನೆರಡು ಮನೆ. ಬೀದಿಯ ಕೊನೆಗೆ ಹಸಿರು ಬಾಗಿಲು, ಅದು ಮದ್ದು ಕೊಡುವ ಪಂಡಿತರ ಮನೆ. ಒಬ್ಬ ತಾಯಿ ಮಗಳ ಕೈ ಹಿಡಿದು ಆ ಬಾಗಿಲ ಕಡೆ ಹೊರಟಿದ್ದಾಳೆ. ಮಗಳಿಗೆ ಕೆಮ್ಮು. ಮಗಳ ಒಂದೇ ಕಾಲಿಗೆ ಗೆಜ್ಜೆ, ಇನ್ನೊಂದು ಎಲ್ಲೋ ಬಿದ್ದುಹೋಗಿದೆ. ಜಲ್ ಅಂತ ಒಂದು ಹೆಜ್ಜೆ, ಸದ್ದೇ ಇಲ್ಲದ ಒಂದು ಹೆಜ್ಜೆ. ಜಲ್, ಮತ್ತೆ ಸದ್ದಿಲ್ಲ. ಸಂಗೀತವಿಲ್ಲ, ಯುದ್ಧವಿಲ್ಲ, ಗೆದ್ದವರಿಗೆ ಕಿರೀಟವಿಲ್ಲ. ಗುಂಡಿ ಎರಡೇ, 'ನಿಲ್ಲು' ಅಂತ ಒಂದು, 'ನಡೆ' ಅಂತ ಒಂದು. ಪ್ರತಿ ಮನೆಯ ಮುಂದೆಯೂ ಮಗಳು ಏನೋ ನೋಡಬೇಕು ಅನ್ನುತ್ತಾಳೆ. ಒಂದು ಕಡೆ ಗಾಳಿಗೆ ತಿರುಗುವ ಗಿರಗಟ್ಟಲೆ, ಒಂದು ಕಡೆ ಒಣಹಾಕಿದ ಸಂಡಿಗೆ, ಐದನೇ ಮನೆಯ ಕಟ್ಟೆಯ ಮೇಲೆ ಬೆಕ್ಕು. 'ನಿಲ್ಲು' ಒತ್ತಿದರೆ ತಾಯಿ ನಿಲ್ಲುತ್ತಾಳೆ, ಮಗಳು ಕೈ ಬಿಟ್ಟು ಹೋಗಿ ನೋಡುತ್ತಾಳೆ. 'ನಡೆ' ಒತ್ತಿದರೆ ಮತ್ತೆ ಬಂದು ಕೈ ಹಿಡಿಯುತ್ತಾಳೆ. ಆ ಸಣ್ಣ ಕೈ ಬಂದು ಸೇರಿದಾಗ ಗುಂಡಿ ಬೆಚ್ಚಗಾಗುತ್ತದೆ.

ತೂಗುವವನು ಜಾಣ. ಎಲ್ಲೂ ನಿಲ್ಲದೆ 'ನಡೆ'ಯನ್ನು ಅದುಮಿ ಹಿಡಿದು ಓಡಿಸಿದ. ಬೀದಿಯ ಕೊನೆಗೆ ಬಂದರೆ ಹಸಿರು ಬಾಗಿಲು ಮುಚ್ಚಿತ್ತು. ಪರದೆ ಬೆಳ್ಳಗಾಯಿತು. ಆಟ ಮುಗಿಯಿತು.

"ಇದೇನಿದು! ಎಲ್ಲೋ ತಪ್ಪಿದೆ ನಾನು," ಅಂತ ಮತ್ತೆ ಆಡಿದ. ಈ ಸಲ ಎಲ್ಲ ಕಡೆಯೂ ನಿಂತ, ಗಿರಗಟ್ಟಲೆ ನೋಡಿದ, ಸಂಡಿಗೆ ಎಣಿಸಿದ, ಬೆಕ್ಕು ಆಕಳಿಸುವುದನ್ನು ಕಂಡ. ಕೊನೆಗೆ ಅದೇ ಹಸಿರು ಬಾಗಿಲು, ಅದೇ ಅಗುಳಿ. ಒಲೆಯ ಮೇಲೆ ಅನ್ನ ಸೀದು ಹೋಗುವ ವಾಸನೆ ಬಂತು. ಅವನು ಏಳಲಿಲ್ಲ. ಮೀಸೆಯ ಎಣ್ಣೆಯ ಮೇಲೆ ಬೇರೇನೋ ಇಳಿಯುತ್ತಿತ್ತು. ಒರೆಸಿಕೊಂಡು, "ಹೊಗೆ," ಅಂದ.

"ಹೂಂ," ಅಂದಳು ಅವಳು.

"ಓಡಿದ್ರೂ ಮುಚ್ಚಿತ್ತಲ್ಲ ತಾಯಿ?"

"ಓಡಿದ್ರೂ ಮುಚ್ಚಿತ್ತು. ಅದಕ್ಕೇ ಕಟ್ಟಿದ್ದು." ಅವಳು ಪರದೆಯನ್ನು ಸೆರಗಿನಿಂದ ಒರೆಸಿದಳು. "ಅವತ್ತು ನಾನು ನಿಂತುಬಿಟ್ಟೆ ದೊಡ್ಡಪ್ಪಾ. ಬೆಕ್ಕು ನೋಡ್ಬೇಕು ಅಂದ್ಲು. ಒಂದು ಗಳಿಗೆ, ನೋಡ್ಕೊಳ್ಳಲಿ ಅಂತ ನಿಂತೆ. ಹೋಗೋ ಹೊತ್ತಿಗೆ ಬಾಗಿಲು ಹಾಕಿತ್ತು. ಮೂರು ದಿನ ಆದ್ಮೇಲೆ..." ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆಟದಲ್ಲಿರೋ ಕೆಮ್ಮು ಅವಳದೇ. ಅದೊಂದನ್ನ ಪೆಟ್ಟಿಗೆಯಲ್ಲಿ ಹಿಡಿದಿಟ್ಟುಕೊಂಡಿದ್ದೆ. ಅದರ ಸುತ್ತ ಬೀದಿ ಕಟ್ಟಿದೆ. ದಿನಾ ಬೆಳಿಗ್ಗೆ ಅದರಲ್ಲಿ ಓಡ್ತೀನಿ. ಮುಚ್ಚಿರುತ್ತೆ. ಆಮೇಲೆ ಒಲೆ ಹಚ್ತೀನಿ."

"ನಿಜವಾಗ್ಲೂ ಓಡಿದ್ರೆ ತೆರೆದಿರ್ತಿತ್ತಾ?"

"ಗೊತ್ತಿಲ್ಲ. ಪೆಟ್ಟಿಗೆ ಇಲ್ಲ ಅನ್ನುತ್ತೆ. ಅದರ ಮಾತು ನಂಬಿಕೊಂಡು ಬದುಕಿದ್ದೀನಿ."

ಅವಳು ಬೇಡಿಕೊಂಡದ್ದು ಇಷ್ಟೇ. ಒಂದೇ ಒಂದು ಗುಣ ಹೇಳಬೇಕು, ಚಿತ್ರದ ಗೆರೆ ಚೆನ್ನಾಗಿದೆ ಅಂತ. ಒಂದೇ ಒಂದು ದೋಷ ಹೇಳಬೇಕು, ಪರದೆಯ ಮೇಲಿನ ಅಕ್ಷರ ಸಣ್ಣದು ಅಂತ. ಅಕ್ಷರ ಬೇಕಾದರೆ ಕುಂಬಳಕಾಯಿಯಷ್ಟು ದಪ್ಪಗಾಗಲಿ. ಬಿಳಿ ಒಂದು, ಕರಿ ಒಂದು, ಕಲ್ಲಿನಿಂದ ಇಳಿದುಬಿಡಬೇಕು.

"ಅಷ್ಟೇ ತಾನೆ? ನಾನು ಚಂದ್ರನನ್ನೇ ಇಳಿಸಿದವನು. ಒಂದು ಬಿಳಿ, ಒಂದು ಕರಿ. ಮೀಸೆ ಮೇಲೆ ಆಣೆ."

ಮಧ್ಯಾಹ್ನ ಊರೆಲ್ಲ ಕಲ್ಲಿನ ಸುತ್ತ ನೆರೆಯಿತು. ಕ್ಷೌರದವನು ಕತ್ತಿ ಮಸೆಯುತ್ತಲೇ ಬಂದ, ಬಳೆಗಾರ್ತಿ ಬಳೆಯ ಮಲಾರ ಇಳಿಸಿ ಕೂತಳು. ಆಟ ಕಟ್ಟಿದವಳು ಹಿಂದೆ ಗೋಡೆಗೆ ಒರಗಿ ನಿಂತಳು. ತೂಗುವವನು ಪೆಟ್ಟಿಗೆಯನ್ನು ತಕ್ಕಡಿಯ ಪಕ್ಕ ಇಟ್ಟ, ಪರದೆ ಎಲ್ಲರಿಗೂ ಕಾಣುವ ಹಾಗೆ. ಬಿಳಿ ಹರಳೊಂದನ್ನು ಎತ್ತಿದ.

"ಗೆರೆ ಚೆನ್ನಾಗಿದೆ," ಅಂದ. ಹರಳು ಕೂತಿತು.

ಕರಿ ಹರಳಿಗೆ ಕೈ ಹಾಕಿದ. ತೂಗುಗಲ್ಲಿನ ಮೇಲೆ ಇವನ ಬಾಯಿಂದ ಇಷ್ಟು ಗಿಡ್ಡ ಮಾತು ಯಾರೂ ಕೇಳಿರಲಿಲ್ಲ.

"ಇಷ್ಟೇನಾ ದೊಡ್ಡಪ್ಪಾ?" ಕ್ಷೌರದವನು ಕೇಳಿದ. "ನನ್ನ ಇಲಿ ಆಟಕ್ಕೆ ಒಂಬತ್ತು ಗುಣ ಹೇಳಿದ್ರಿ. ಇಲಿಯ ಬಾಲಕ್ಕೇ ಎರಡು!"

"ಪಾಪ, ವಯಸ್ಸಾಯ್ತು ಬಿಡಿ," ಅಂದಳು ಬಳೆಗಾರ್ತಿ. "ಮೀಸೆಗೆ ಬಣ್ಣ ಹಚ್ಚಬಹುದು, ನಾಲಿಗೆಗೆ ಹಚ್ಚೋಕಾಗುತ್ತಾ?"

"ಆಟವೇ ಸಪ್ಪೆ ಇರಬೇಕು," ಅಂದರು ಯಾರೋ. "ಅನ್ನ ಬೇಯೋದ್ರೊಳಗೆ ಮುಗಿಯುತ್ತಂತೆ. ಅದೂ ಒಂದು ಆಟವಾ?"

ನಕ್ಕರು. ತೂಗುವವನಿಗೆ ಕಿವಿ ಬಿಸಿಯಾಯಿತು. ತನ್ನನ್ನು ನೋಡಿ ನಕ್ಕದ್ದಕ್ಕೆ ಅರ್ಧ, ಆಟವನ್ನು ನೋಡಿ ನಕ್ಕದ್ದಕ್ಕೆ ಅರ್ಧ. ಯಾವ ಅರ್ಧ ದೊಡ್ಡದು ಅಂತ ಆಮೇಲೆ ಬಹಳ ದಿನ ಅವನು ಅಳೆದು ನೋಡಿದ. ಆ ಗಳಿಗೆಯಲ್ಲಿ ಕೈ ಮಾತ್ರ ಕರಿಯನ್ನು ಬಿಟ್ಟು ಬಿಳಿಯ ಬುಟ್ಟಿಗೆ ಹೋಯಿತು.

"ಸಪ್ಪೆಯಾ? ಲೋ, ನಿನ್ನ ಇಲಿ ಇದರ ಬೀದಿಯಲ್ಲಿ ಒಂದು ಸಲ ಓಡಿದ್ರೆ ಸನ್ಯಾಸ ತಗೊಳ್ಳುತ್ತೆ!" ಅಂದ. ಹರಳು ಬಿತ್ತು. "ಸಂಗೀತ ಇಲ್ಲ ಇದರಲ್ಲಿ. ಸದ್ದಿಲ್ಲದ ಹೆಜ್ಜೆಯನ್ನ ಕಿವಿಗೆ ಕೇಳಿಸೋ ಆಟ ಯಾರಾದ್ರೂ ಕಟ್ಟಿದ್ದೀರಾ?" ಇನ್ನೊಂದು ಬಿತ್ತು. ಮಗುವಿನ ಕೈ ಬಂದು ಸೇರಿದಾಗ ಗುಂಡಿ ಬೆಚ್ಚಗಾಗುವುದನ್ನು ಹೇಳಿದ. ಅವನು ಹೇಳುವಾಗ ಜನ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಚಿಕ್ಕದಾಗಿರುವುದೇ ಇದರ ಚೆಲುವು ಅಂದ. ಅನ್ನ ಬೇಯುವುದರೊಳಗೆ ಮುಗಿಯುತ್ತದೆ, ಆಮೇಲೆ ಆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂದ. ಯಾವುದೂ ಸುಳ್ಳಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಹೊಗಳಿಕೆಯಲ್ಲಿ ಒಂದು ಹರಳೂ ಹಾರಿಹೋಗಲಿಲ್ಲ. ಆರನೆಯದನ್ನು ಹಾಕಿ, ಮೀಸೆ ತಿರುವಿ, ಜನರ ಕಣ್ಣಲ್ಲಿ ನೀರು ನೋಡಿ ಸಂತೋಷಪಟ್ಟು, ಆಮೇಲೆ ತಕ್ಕಡಿಯ ಕಡೆ ನೋಡಿದ.

ಎಡತಟ್ಟೆ ಕಲ್ಲಿಗೆ ಮುಟ್ಟಿತ್ತು. ಆರು ಬಿಳಿ. ಬಲತಟ್ಟೆ ಖಾಲಿ. ಗೋಡೆಗೆ ಒರಗಿದ್ದವಳ ಮುಖವನ್ನು ಅವನು ನೋಡಲಿಲ್ಲ.

ಮೊದಲ ಕರಿ ಸುಲಭ. "ಅಕ್ಷರ ಸಣ್ಣದು." ಪರದೆಯ ಅಕ್ಷರಗಳು ಉಬ್ಬಿದವು. ಎರಡನೆಯದು, "ಎಂಟನೇ ಮನೆಯ ನೆರಳು ಬಿಸಿಲಿನ ಕಡೆಗೇ ಬಿದ್ದಿದೆ." ನೆರಳು ತಿರುಗಿ ಮಲಗಿತು. ಮೂರನೆಯದು, "ಐದನೇ ಮನೆಯ ಬೆಕ್ಕು ಒಂದೇ ಆಕಳಿಕೆಯನ್ನ ಎರಡು ಸಲ ಆಕಳಿಸುತ್ತೆ." ಬೆಕ್ಕು ಬಾಯಿ ಮುಚ್ಚಿತು. ಜನ ಚಪ್ಪಾಳೆ ತಟ್ಟಿದರು. ಇನ್ನು ಮೂರು.

"ಪೆಟ್ಟಿಗೆ ಭಾರ," ಅಂದ. ಹರಳು ಹಾರಿ ಬಿತ್ತು, ಪೆಟ್ಟಿಗೆಯ ದೋಷ ಆಟದ ದೋಷವಲ್ಲ. "ತಾಯಿಯ ಸೀರೆ ಚೆನ್ನಾಗಿಲ್ಲ," ಅಂದ. ಹಾರಿತು. "ಬೀದಿಯಲ್ಲಿ ಧೂಳು ಜಾಸ್ತಿ." ಹಾರಿ ಬಳೆಗಾರ್ತಿಯ ಮಲಾರಕ್ಕೆ ಬಿದ್ದು ಒಂದು ಬಳೆ ಒಡೆಯಿತು. ಬಿಸಿಲು ಕಲ್ಲಿನ ಮೇಲಿಂದ ಮೊಳದಷ್ಟು ಸರಿದಿತ್ತು. ತೂಗುವವನ ಕಂಕುಳು ಒದ್ದೆಯಾಯಿತು. ಚಂದ್ರನಲ್ಲೇ ದೋಷ ಹುಡುಕಿದವನಿಗೆ ಒಂದು ಸಣ್ಣ ಬೀದಿಯಲ್ಲಿ ಮೂರು ಸಿಗುತ್ತಿಲ್ಲ.

"ಗೆಜ್ಜೆ," ಅಂದ ಮೆಲ್ಲಗೆ. "ಒಂದೇ ಕಾಲಿಗಿದೆ. ಕೇಳೋರಿಗೆ ತಾಳ ತಪ್ಪಿದ ಹಾಗಾಗುತ್ತೆ."

ಕೂತಿತು. ಪರದೆಯೊಳಗಿನ ಹುಡುಗಿ ಎರಡೂ ಕಾಲಲ್ಲಿ ಜಲ್ ಜಲ್ ಅಂತ ನಡೆದಳು, ಯಾರ ಮಗಳು ಬೇಕಾದರೂ ಆಗಬಹುದಾದ ಹಾಗೆ.

"ಕೆಮ್ಮು. ಮಾತಿಗೆ ಅಡ್ಡ ಬರುತ್ತೆ."

ಕೂತಿತು. ಹುಡುಗಿಯ ಕೆಮ್ಮು ನಿಂತಿತು. ಮೂರು ವರ್ಷ ಪೆಟ್ಟಿಗೆಯಲ್ಲಿ ಉಳಿದಿದ್ದ ಉಸಿರು ಹೊರಟುಹೋಯಿತು. ಅದು ಎಲ್ಲಿಗೆ ಹೋಯಿತು ಅಂತ ಆ ಊರಿನಲ್ಲಿ ಇವತ್ತಿಗೂ ಯಾರಿಗೂ ತಿಳಿಯದು.

ಆಗ ಗೋಡೆಯ ಕಡೆಯಿಂದ ಅವಳ ದನಿ ಬಂತು. ದೊಡ್ಡ ದನಿಯೇನಲ್ಲ.

"ಸಾಕು ದೊಡ್ಡಪ್ಪಾ. ಆರಿಹೋಗಲಿ ಬಿಡಿ."

ಕೇಳಿಸಿತು. ಕೇಳಿಸಲಿಲ್ಲ ಅಂತ ಆಮೇಲೆ ಎಷ್ಟು ಜನರ ಮುಂದೆ ಹೇಳಿದರೂ, ಕೇಳಿಸಿತು. ಐದು ಕರಿ, ಆರು ಬಿಳಿ, ಕಲ್ಲಿನ ಮೇಲೆ ಗೇಣು ಬಿಸಿಲು. ಅವನ ಕೈಯಲ್ಲಿ ಒಂದು ಆಟವೂ ಆರಿದ್ದಿಲ್ಲ. ಊರೆಲ್ಲ ನೋಡುತ್ತಿದೆ. ಉಳಿದಿದ್ದ ದೋಷ ಒಂದೇ, ಎಂಥ ದಡ್ಡನಿಗೂ ಮೊದಲು ಕಾಣುವಂಥದ್ದು.

"ಏನು ಒತ್ತಿದರೂ," ಅಂದ, "ಕೊನೆ ಒಂದೇ."

ಹರಳು ಬಿದ್ದು ಕೂತಿತು. ಎರಡು ತಟ್ಟೆಯೂ ಸಮನಾಗಿ, ಸ್ವಲ್ಪವೂ ತೂಗಾಡದೆ ನಿಂತವು. ಮಂಕಾಗಿದ್ದ ಪರದೆ ಹೊಸ ಕಂಚಿನ ತಟ್ಟೆಯಂತೆ ಬೆಳಗಿತು. ಜನ ಹೋ ಅಂತ ಎದ್ದರು.

ಮೊದಲು ಆಡಿದವನು ಕ್ಷೌರದವನು. ಅವನದು ಯಾವಾಗಲೂ ಅವಸರ. 'ನಡೆ' ಅದುಮಿ ಹಿಡಿದ, ಗಿರಗಟ್ಟಲೆ ಬಿಟ್ಟ, ಸಂಡಿಗೆ ಬಿಟ್ಟ, ಬೆಕ್ಕು ಬಿಟ್ಟ, ಓಡಿದ. ಬೀದಿಯ ಕೊನೆಯಲ್ಲಿ ಹಸಿರು ಬಾಗಿಲು ಹಾರುಹೊಡೆದಿತ್ತು. ಪಂಡಿತರು ಕನ್ನಡಕ ಒರೆಸುತ್ತಾ ಹೊರಗೆ ಬಂದು, "ಸರಿಯಾದ ಹೊತ್ತಿಗೆ ಬಂದ್ರಿ," ಅಂದರು. ಹುಡುಗಿ ನಕ್ಕಳು.

"ಬದುಕಿತು!" ಅಂತ ಕ್ಷೌರದವನು ಕುಣಿದ. "ಮಗು ಬದುಕಿತು ಕಣ್ರೋ!"

ಆಮೇಲೆ ಸಾಲುಗಟ್ಟಿ ಊರೆಲ್ಲ ಆಡಿತು. ಓಡಿದವರಿಗೆಲ್ಲ ಬಾಗಿಲು ತೆರೆಯಿತು. ನಿಂತು ಬೆಕ್ಕು ನೋಡಿದವರು ಒಬ್ಬಿಬ್ಬರು, ಅವರಿಗೆ ಮುಚ್ಚಿತು. ಅವರು ತಲೆ ಚಚ್ಚಿಕೊಂಡು ಮತ್ತೆ ಓಡಿದರು. ಬಳೆಗಾರ್ತಿ ಕಣ್ಣೊರೆಸಿಕೊಂಡು ಗೋಡೆಯ ಹತ್ತಿರ ಹೋದಳು, ಆಟ ಕಟ್ಟಿದವಳ ಕೈ ಹಿಡಿದಳು. ಅವಳ ಬಾಯಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

"ಎಷ್ಟು ಚೆನ್ನಾಗಿದೆ ತಾಯಿ! ಓಡಿದ್ರೆ ಆಗಿತ್ತು, ಅಷ್ಟೇ. ಒಂದು ಚೂರು ಓಡಿದ್ರೆ ಆಗಿತ್ತು."

ಅವಳು ಪೆಟ್ಟಿಗೆ ಎತ್ತಿಕೊಂಡಳು. ಹೊರಟಾಗ ನಡೆಯುತ್ತಿದ್ದಳು. ಎರಡು ಮನೆ ದಾಟುವಷ್ಟರಲ್ಲಿ ಬಿರುಸಾಯಿತು. ಬೀದಿಯ ತಿರುವಿನಲ್ಲಿ ಓಡುತ್ತಿದ್ದಳು.

ಆಮೇಲೆ ಅವಳು ನಿಂತದ್ದನ್ನು ಯಾರೂ ಕಾಣಲಿಲ್ಲ. ನೀರಿಗೆ ಓಡುತ್ತಿದ್ದಳು, ಸೌದೆಗೆ ಓಡುತ್ತಿದ್ದಳು, ಅಂಗಳ ಗುಡಿಸುವಾಗಲೂ ಪೊರಕೆ ಹಿಡಿದು ಓಡುತ್ತಿದ್ದಳು. ಅವಳ ಮನೆಯ ನಾಯಿ ಮೊದಮೊದಲು ಆಟ ಅಂತ ಜೊತೆಗೆ ಓಡಿ, ಆಮೇಲೆ ಸುಸ್ತಾಗಿ ಬೇರೆ ಮನೆ ಸೇರಿಕೊಂಡಿತು. ಊರಿನವರು, ಆರೋಗ್ಯಕ್ಕೆ ಒಳ್ಳೆಯದು ಬಿಡಿ ಅಂದರು. ಒಂದು ದಿನ ತೂಗುವವನು ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ.

"ನಿಲ್ಲು ತಾಯಿ. ಒಂದು ಗಳಿಗೆ ನಿಲ್ಲು."

"ನಿಲ್ಲಬಾರದು ದೊಡ್ಡಪ್ಪಾ," ಅಂದಳು ಅವನನ್ನು ಬಳಸಿಕೊಂಡು ಹೋಗುತ್ತಾ. ಕೋಪವಿರಲಿಲ್ಲ ದನಿಯಲ್ಲಿ, ತಿಳಿಹೇಳುವ ಹಾಗಿತ್ತು. "ಬಾಗಿಲು ಹಾಕಿಬಿಡ್ತಾರೆ."

ಅವತ್ತು ತೂಗುವವನು ಮೀಸೆಗೆ ಎಣ್ಣೆ ಹಚ್ಚಲಿಲ್ಲ. ಮಾರನೇ ದಿನ ಮಧ್ಯಾಹ್ನ ತಾನೇ ಹೋಗಿ ಕಲ್ಲು ಹತ್ತಿದ. ಊರು ನೆರೆಯಿತು. ಪೆಟ್ಟಿಗೆ ಎಲ್ಲಿ ಅಂತ ಕೇಳಿದರು.

"ಇವತ್ತು ತೂಗೋದು ನನ್ನನ್ನೇ," ಅಂದ.

ಅವನಿಗೆ ಬೇಕಾದದ್ದು ಒಂದೇ ಕರಿ ಹರಳು. ಈ ನಾಲಿಗೆಯ ದೋಷ ಹೇಳಬೇಕು, ಅದು ಉದುರಿಹೋಗಬೇಕು, ಇನ್ನೊಂದು ಆಟಕ್ಕೆ ಹೀಗಾಗಬಾರದು. ಆದರೆ ಗುಣ ಮೊದಲು, ದೋಷ ಆಮೇಲೆ. ಒಂದೇ ಒಂದು ಗುಣ ಹೇಳಿದರೆ ಸಾಕು.

ಊರು ನಕ್ಕಿತು. ಒಂದು ಗುಣವಂತೆ, ಇವನಿಗೆ! ಸಾವಿರ ಹೇಳಿಯಾನು.

"ನಾನು ಚಂದ್ರನನ್ನ ಇಳಿಸಿದವನು," ಅಂದ. ಹರಳು ಹಾರಿ ಬಿತ್ತು. ಜನ ಇನ್ನೂ ನಕ್ಕರು.

"ನನ್ನ ಮೀಸೆ," ಅಂದ. ಹಾರಿತು.

"ನನ್ನ ಕೈಯಲ್ಲಿ ಒಂದು ಆಟವೂ ಆರಿಲ್ಲ." ಇದು ಕೂರುತ್ತದೆ ಅಂದುಕೊಂಡಿದ್ದ. ಹರಳು ತಟ್ಟೆಯಂಚಿಗೆ ಬಂದು, ಯೋಚನೆ ಮಾಡಿದ ಹಾಗೆ ಒಂದು ಕ್ಷಣ ತಡೆದು, ಹಾರಿ ಅವನ ಕಾಲ ಬಳಿ ಬಿತ್ತು.

ಆಮೇಲೆ ಯಾರೂ ನಗಲಿಲ್ಲ. "ನಮ್ಮನ್ನೆಲ್ಲ ನಗಿಸಿದ್ದೀರಿ, ಅದನ್ನ ಹೇಳಿ," ಅಂತ ಬಳೆಗಾರ್ತಿ ಕೂಗಿದಳು. ಹೇಳಿದ. ಹಾರಿತು. "ಇಲಿಯ ಬಾಲ ಕೂಡ ನಿಮಗೆ ಕಂಡಿತ್ತು ದೊಡ್ಡಪ್ಪಾ, ಅದನ್ನ ಹೇಳಿ!" ಅಂದ ಕ್ಷೌರದವನು. ಹೇಳಿದ. ಅದೂ ಹಾರಿತು. ಬಿಸಿಲು ಸರಿಯುತ್ತಿತ್ತು. ತಟ್ಟೆ ಸಮವಾಗದಿದ್ದರೆ ತೂಗಿಸಿಕೊಳ್ಳಲು ಬಂದದ್ದು ಅಲ್ಲೇ ಆರಿತು ಅಂತ ಲೆಕ್ಕ.

ಅವನಿಗೆ ಒಂದು ನೆನಪಾಯಿತು. ಆ ಬೆಳಿಗ್ಗೆ ಅನ್ನ ಸೀಯುವಾಗ ಅವನು ಅತ್ತಿದ್ದ. ಯಾರಿಗೂ ತೋರಿಸುವುದಕ್ಕಲ್ಲ. ಅದನ್ನು ಹೇಳಬಹುದು. ಆದರೆ ಅದನ್ನೂ ತಾನು ಹೊಗೆ ಅಂದುಬಿಟ್ಟಿದ್ದ. ಹೇಳಿ, ಅದೂ ಹಾರಿಬಿದ್ದರೆ? ಬುಟ್ಟಿಯಲ್ಲಿದ್ದ ಕೊನೆಯ ಬಿಳಿ ಹರಳನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅದು ಅವನ ಕೈಯ ಕಾವಿಗೆ ಬೆಚ್ಚಗಾಗಿತ್ತು, ಒಂದು ಸಣ್ಣ ಕೈ ಬಂದು ಸೇರಿದ ಹಾಗೆ.

ಬೀದಿಯ ಆ ಕೊನೆಯಿಂದ ಓಡುವ ಹೆಜ್ಜೆಗಳ ಸದ್ದು ಕೇಳಿಸಿತು. ಜನ ಎರಡಾಗಿ ಸರಿದು ದಾರಿ ಬಿಟ್ಟರು. ಆ ಬೆಳಿಗ್ಗೆಯನ್ನು ಕಂಡವಳು ಅವಳೊಬ್ಬಳೇ.

"ತಾಯೀ," ಅಂದ ತೂಗುವವನು, "ಅವತ್ತು ಅದು ಹೊಗೆಯಾಗಿತ್ತಾ? ನಿಂತು ಒಂದು ಮಾತು ಹೇಳಿ ಹೋಗು."

ಅವಳು ಕಲ್ಲಿನ ಹತ್ತಿರಕ್ಕೆ ಬಂದಳು, ಕಲ್ಲಿನ ಪಕ್ಕಕ್ಕೆ ಬಂದಳು, ಕಲ್ಲನ್ನು ದಾಟಿದಳು. ಹೆಜ್ಜೆಗಳು ಐದನೇ ಮನೆಯನ್ನು ಬಿಟ್ಟು, ಆರನೆಯದನ್ನು ಬಿಟ್ಟು, ಸಣ್ಣಗಾಗುತ್ತಾ ಹೋದವು.

ಕಲ್ಲಿನ ಮೇಲೆ ಬೆರಳಗಲ ಬಿಸಿಲಿತ್ತು. ಅವನು ಮುಷ್ಟಿ ಬಿಚ್ಚಲಿಲ್ಲ.